ತಲಪಾಡಿ ಆಚೆಯ ತರವಾಡು ಮನೆ: ರಿಪೇರಿಗೆ ಕೊಡುವ ಮೊದಲು

ಮಂಗಳೂರಿನಿಂದ ಹೊರಟರೆ ಇಪ್ಪತ್ತು ಕಿಲೋಮೀಟರ್ ಒಳಗೆ ತಲಪಾಡಿ ಸಿಗುತ್ತದೆ. ಅದನ್ನು ದಾಟಿದರೆ ಕೇರಳ. 1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಹೊಸದಾಗಿ ಎಳೆಯುವವರೆಗೆ ಮಂಜೇಶ್ವರ, ಉಪ್ಪಳ, ಕಾಸರಗೋಡು ಎಲ್ಲವೂ ಮಂಗಳೂರಿನ ಜೊತೆ ಒಂದೇ ಜಿಲ್ಲೆಯಲ್ಲಿದ್ದವು. ಗಡಿ ಬಂದ ಮೇಲೂ ನಮ್ಮ ಬ್ಯಾರಿ ಕುಟುಂಬಗಳ ಕೊಡು-ಕೊಳ್ಳುವಿಕೆ ನಿಲ್ಲಲಿಲ್ಲ. ಉಳ್ಳಾಲದ ಹುಡುಗಿಯನ್ನು ಉಪ್ಪಳಕ್ಕೆ ಕೊಡುತ್ತೇವೆ, ಕುಂಜತ್ತೂರಿನ ಹುಡುಗಿ ಬಂದರಿಗೆ ಸೊಸೆಯಾಗಿ ಬರುತ್ತಾಳೆ. ಹಾಗಾಗಿ ಈಚೆ ಇರುವ ಎಷ್ಟೋ ಮಂದಿಗೆ ಆಚೆ ಒಂದು ಮನೆ ಉಂಟು. ಉಮ್ಮನ ಮನೆ, ಬಾಪನ ತರವಾಡು, ಹಿಸ್ಸೆಯಲ್ಲಿ ಬಂದ ಹಂಚಿನ ಮನೆ. ಮಕ್ಕಳು ಮಾತ್ರ ಮಂಗಳೂರು, ಬೆಂಗಳೂರು, ಮುಂಬಯಿ, ಗಲ್ಫ್ ಎಂದು ಚದುರಿ ಹೋಗಿದ್ದಾರೆ.

ಬೀಗ ಹಾಕಿದ ಮನೆಗೆ ಒರಲೆ ಬೇಗ ಹಿಡಿಯುತ್ತದೆ. ಪಕ್ಕಾಸು, ರೀಪು ಕುಂಬಾಗುತ್ತವೆ, ಹಂಚು ಜಾರುತ್ತದೆ, ಕೆಂಪುಕಲ್ಲಿನ ಗೋಡೆಗೆ ನೀರಿಳಿಯುತ್ತದೆ. ಆಗ ಫೋನಿನಲ್ಲೇ ತೀರ್ಮಾನವಾಗುತ್ತದೆ: “ಈ ಸಲ ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸಿಬಿಡುವ.” ಯಾರೋ ಒಬ್ಬ ಕಂಟ್ರಾಕ್ಟರನ ನಂಬರ್ ಕೊಡುತ್ತಾರೆ. ಅಡ್ವಾನ್ಸ್ ಹೋಗುತ್ತದೆ. ಬರವಣಿಗೆ ಇರುವುದಿಲ್ಲ. “ನಮ್ಮವನೇ ಅಲ್ವಾ ಕಾಕಾ, ಬರೆಯೋದು ಎಂತಕ್ಕೆ?” ಎಂಬ ಒಂದು ಮಾತಿನಲ್ಲಿ ಮುಗಿಯಿತು.

ಆರು ತಿಂಗಳು ಕಳೆದ ಮೇಲೆ ಅದೇ ವಿಷಯ ಜಮಾಅತ್ ಕಮಿಟಿಯ ಮುಂದೆ ಬರುತ್ತದೆ. ಇಂಥ ಮಾತುಕತೆಗಳಲ್ಲಿ ನಾವು ಉಸ್ತಾದರುಗಳನ್ನೂ ಕರೆದು ಕೂರಿಸುತ್ತಾರೆ. ಅಲ್ಲಿ ನಾವು ಕಾಣುವುದೇನೆಂದರೆ, ದೊಡ್ಡ ಮೋಸ ಮಾಡಿದವರು ಕಡಿಮೆ. ಯಾವ ಕೆಲಸ, ಎಷ್ಟಕ್ಕೆ, ಯಾವಾಗ ಎಂಬುದನ್ನು ಇಬ್ಬರೂ ಬೇರೆ ಬೇರೆಯಾಗಿ ನೆನಪಿಟ್ಟುಕೊಂಡವರೇ ಹೆಚ್ಚು. ಬರೆಯದೆ ಇದ್ದದ್ದೇ ಅಲ್ಲಿ ಜಗಳದ ಬೇರು. ಮನೆ ಹೇಗೋ ಸರಿಯಾಗುತ್ತದೆ, ಅಣ್ಣ ತಂಗಿಯ ಮಾತು ನಿಂತದ್ದು ಸರಿಯಾಗಲು ವರ್ಷಗಳು ಬೇಕು.

ಮೊದಲ ಪ್ರಶ್ನೆ: ಮನೆ ಯಾರದ್ದು?

ಕಂಟ್ರಾಕ್ಟರನ್ನು ಹುಡುಕುವ ಮೊದಲು ಇದನ್ನು ಕೇಳಿಕೊಳ್ಳಬೇಕು. ಬಾಪ ತೀರಿಹೋಗಿ ಎಷ್ಟೋ ವರ್ಷ ಆಗಿರುತ್ತದೆ, ಆದರೆ ಹಿಸ್ಸೆ ಆಗಿರುವುದಿಲ್ಲ. ಮನೆ ಬಾಪನ ಹೆಸರಿನಲ್ಲೇ ಉಂಟು. ಶರೀಅತ್ ಪ್ರಕಾರ ಅವರು ಕಣ್ಣು ಮುಚ್ಚಿದ ಗಳಿಗೆಗೇ ಸಾಲ, ವಸಿಯ್ಯತ್ ಕಳೆದು ಉಳಿದದ್ದರಲ್ಲಿ ವಾರಸುದಾರರ ಹಕ್ಕು ಹುಟ್ಟಿತು. ಮಕ್ಕಳಿರುವಾಗ ಹೆಂಡತಿಗೆ ಎಂಟನೆಯ ಒಂದು ಪಾಲು, ಗಂಡು ಮಗನಿಗೆ ಹೆಣ್ಣು ಮಗಳ ಎರಡರಷ್ಟು. ಅಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳೂ ಆ ಮನೆಯ ಯಜಮಾನರೇ.

ಗಲ್ಫಿನ ಮಗ ಪ್ರೀತಿಯಿಂದ ಹತ್ತು ಲಕ್ಷ ಹಾಕುತ್ತಾನೆ. ಯಾರನ್ನೂ ಕೇಳುವುದಿಲ್ಲ. ಹಿಸ್ಸೆ ದಿನ ಬಂದಾಗ “ನನ್ನ ಹತ್ತು ಲಕ್ಷ ಮೊದಲು ತೆಗೆಯಿರಿ” ಎನ್ನುತ್ತಾನೆ. “ನಾವು ಕೇಳಿದ್ದೆವಾ?” ಎಂದು ತಂಗಿಯಂದಿರು ಹೇಳಿದರೆ ಅದಕ್ಕೆ ಉತ್ತರ ಕಷ್ಟ. ಉಳಿದ ಪಾಲುದಾರರ ಒಪ್ಪಿಗೆ ಇಲ್ಲದೆ ಮಾಡಿದ ಖರ್ಚನ್ನು ಸಾಮಾನ್ಯವಾಗಿ ಅವನು ಸ್ವಂತ ಇಷ್ಟದಿಂದ ಕೊಟ್ಟದ್ದೆಂದೇ ಫಿಕ್ಹಿನಲ್ಲಿ ಪರಿಗಣಿಸುತ್ತಾರೆ. ಹಾಗಾಗಿ ಖರ್ಚಿಗೆ ಮೊದಲೇ ಎಲ್ಲರೂ ಕೂತು, ಈ ಹಣ ದಾನವೋ, ಸಾಲವೋ, ಪಾಲಿಗೆ ಜಮೆಯೋ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಬೇಕು. ಸಾಧ್ಯವಾದರೆ ಹಿಸ್ಸೆಯನ್ನೇ ಮೊದಲು ಮುಗಿಸುವುದು ಇನ್ನೂ ಒಳ್ಳೆಯದು.

ಕಾಗದದ ವಿಷಯದಲ್ಲೂ ಆಚೆಯ ಪದ್ಧತಿ ಬೇರೆ. ಈಚೆ ನಾವು ಪಹಣಿ ಹಿಡಿದು ಓಡಾಡುತ್ತೇವೆ. ಕೇರಳದಲ್ಲಿ ವಿಲೇಜ್ ಆಫೀಸಿನಲ್ಲಿ ಕಟ್ಟುವ ಭೂತೆರಿಗೆಯ ರಶೀದಿ ಮತ್ತು ತಂಡಪೇರ್ ನಂಬರ್ ಮುಖ್ಯ. ಹೆಸರು ಬದಲಾವಣೆಗೆ ಅಲ್ಲಿ ‘ಪೋಕ್ಕುವರವು’ ಎನ್ನುತ್ತಾರೆ. ಮನೆಯ ತೆರಿಗೆ, ಮನೆ ನಂಬರ್ ಪಂಚಾಯತಿನಲ್ಲಿ. ಮಲಯಾಳ ಓದಲು ಬರುವುದಿಲ್ಲ ಎಂದು ಹೆದರಬೇಕಾಗಿಲ್ಲ. ಕನ್ನಡ ಭಾಷಾ ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರಿ ಕಚೇರಿಗಳಿಗೆ ಬರೆಯುವ ಅವಕಾಶವನ್ನು ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕೊಟ್ಟಿದೆ.

ರಿಪೇರಿಯೋ, ಹೊಸ ಕಟ್ಟಡವೋ?

“ಬರೀ ರಿಪೇರಿ” ಎಂದು ಶುರುವಾದದ್ದು ಒಂದು ರೂಮು, ಒಂದು ಬಾತ್‌ರೂಮು, ಮೇಲೊಂದು ಮಾಳಿಗೆ ಎಂದು ಬೆಳೆಯುತ್ತದೆ. ಕೇರಳದ ಗ್ರಾಮ ಪಂಚಾಯತ್‌ಗಳಲ್ಲಿ 2019ರ ಕಟ್ಟಡ ನಿಯಮಗಳು ಜಾರಿಯಲ್ಲಿವೆ. ಸುಣ್ಣ ಬಣ್ಣ, ಪ್ಲಾಸ್ಟರಿಂಗ್, ಹಂಚು ಬದಲಿಸುವಂಥ ಕೆಲಸಕ್ಕೆ ಪರ್ಮಿಟ್ ಬೇಕಾಗುವುದಿಲ್ಲ. ಕೋಣೆ ಸೇರಿಸುವುದು, ಮಹಡಿ ಏರಿಸುವುದು, ಮನೆಯ ವಿಸ್ತೀರ್ಣ ಹೆಚ್ಚಿಸುವುದು ಎಂದರೆ ಪ್ಲಾನ್ ಮಾಡಿಸಿ ಪರ್ಮಿಟ್ ತೆಗೆಯಲೇಬೇಕು. ಗದ್ದೆ ಇದ್ದ ಜಾಗವಾದರೆ 2008ರ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾನೂನು ಅಡ್ಡ ಬರುತ್ತದೆ. ಕಡಲ ಬದಿಯ ಮನೆಗೆ ಸಿಆರ್‌ಝಡ್ ನಿಯಮ ಉಂಟು. “ಪಂಚಾಯತ್ ಎಲ್ಲ ನಾನು ನೋಡಿಕೊಳ್ತೇನೆ” ಎಂದು ಕಂಟ್ರಾಕ್ಟರ್ ಹೇಳಿದರೆ ಸಾಲದು. ಪರ್ಮಿಟ್ಟಿನ ಪ್ರತಿ ನಮ್ಮ ಕೈಗೆ ಬಂದ ಮೇಲೆಯೇ ಗೋಡೆಗೆ ಕೈ ಹಾಕಲಿ. ದಂಡ ಬಂದರೆ ನೋಟೀಸು ಬರುವುದು ಮನೆ ಯಜಮಾನನ ಹೆಸರಿಗೇ.

ಇನ್ನೊಂದು ಆಸೆ ಹಂಚು ತೆಗೆದು ಸ್ಲ್ಯಾಬ್ ಹಾಕಿಸುವುದು. ಹಳೆಯ ಕೆಂಪುಕಲ್ಲಿನ ಗೋಡೆಗಳನ್ನು ಎಷ್ಟೋ ಕಡೆ ಮಣ್ಣಿನಲ್ಲೇ ಕಟ್ಟಿದ್ದಾರೆ. ಹಂಚಿನ ಭಾರಕ್ಕೆ ಎಬ್ಬಿಸಿದ ಗೋಡೆ ಕಾಂಕ್ರೀಟಿನ ಭಾರ ಹೊರಬಹುದೋ ಇಲ್ಲವೋ ಎಂದು ಕಂಟ್ರಾಕ್ಟರನಲ್ಲ, ಎಂಜಿನಿಯರ್ ಹೇಳಬೇಕು. ಅವರ ಫೀಸು ದುಬಾರಿ ಎನಿಸಬಹುದು. ಬಿರುಕು ಬಿಟ್ಟ ಗೋಡೆಯ ಮುಂದೆ ಅದು ಏನೂ ಅಲ್ಲ.

ಯಾರನ್ನು ಆರಿಸಬೇಕು?

ಸೂರಃ ಅಲ್ ಕಸಸ್‌ನಲ್ಲಿ ಮೂಸಾ (ಅ) ಅವರು ಮದ್‌ಯನ್‌ಗೆ ಬಂದಾಗಿನ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತೆ ತಂದೆಗೆ ಸಲಹೆ ಕೊಟ್ಟ ಮಗಳು ಎರಡು ಗುಣ ಹೇಳುತ್ತಾಳೆ: ಶಕ್ತಿ ಮತ್ತು ಅಮಾನತ್. ಎರಡೂ ಬೇಕು. ನಾವು ಒಂದನ್ನೇ ನೋಡುತ್ತೇವೆ. ಐದು ವಖ್ತ್ ನಮಾಝ್ ಮಾಡುವ ಒಳ್ಳೆಯ ಮನುಷ್ಯ ಎಂದು ಕೊಡುತ್ತೇವೆ, ಅವನಿಗೆ ಹಳೆ ಮನೆ ಬಿಚ್ಚಿ ಕಟ್ಟಿದ ಅನುಭವವೇ ಇರುವುದಿಲ್ಲ. ಅಥವಾ ಕೆಲಸದಲ್ಲಿ ಹುಲಿ ಎಂದು ಕೊಡುತ್ತೇವೆ, ಅವನ ಲೆಕ್ಕ ಯಾರಿಗೂ ಸಿಕ್ಕಿರುವುದಿಲ್ಲ. ಅದೇ ಘಟನೆಯಲ್ಲಿ ಕರಾರಿನ ಅವಧಿಯೂ ಮೊದಲೇ ಗೊತ್ತುಮಾಡಿದ್ದಾಗಿದೆ: ಎಂಟು ವರ್ಷ, ಹತ್ತು ಪೂರ್ತಿ ಮಾಡಿದರೆ ಅದು ಅವರ ಔದಾರ್ಯ.

ಹಾಗಾಗಿ ಕನಿಷ್ಠ ಮೂವರಿಂದ ಎಸ್ಟಿಮೇಟ್ ತೆಗೆಯಿರಿ. ಮೂವರಿಗೂ ಕೆಲಸದ ಪಟ್ಟಿ ಒಂದೇ ಕೊಡಿ, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಪ್ರತಿಯೊಬ್ಬರೂ ಮಾಡಿದ ಎರಡು ಹಳೆ ಮನೆಗಳನ್ನು ನೋಡಿ. ಒಂದಾದರೂ ಎರಡು ಮಳೆಗಾಲ ಕಂಡ ಮನೆಯಾಗಿರಲಿ. ಆ ಮನೆಯವರಲ್ಲಿ ಮೂರು ಮಾತು ಕೇಳಿ: ಹೇಳಿದ ದಿನಕ್ಕೆ ಮುಗಿಸಿದರಾ? ಮಧ್ಯದಲ್ಲಿ ಎಷ್ಟು ಸಲ ಹೆಚ್ಚು ಕೇಳಿದರು? ಮುಗಿದ ಮೇಲೆ ಕರೆದರೆ ಬಂದರಾ?

ಮಂಗಳೂರಿನ ಪರಿಚಯದವರನ್ನೇ ಕರೆದುಕೊಂಡು ಹೋಗುವುದೋ, ಆಚೆಯವರಿಗೇ ಕೊಡುವುದೋ ಎಂಬ ಪ್ರಶ್ನೆಯೂ ಉಂಟು. ಪರಿಚಯ ಒಳ್ಳೆಯದೇ. ಆದರೆ ಆಳುಗಳ ಓಡಾಟ, ಸಾಮಾನು ಸಾಗಾಟ ಎಲ್ಲ ರೇಟಿಗೆ ಸೇರುತ್ತದೆ. ಕೆಂಪುಕಲ್ಲು, ಹೊಯ್ಗೆ, ಜಲ್ಲಿ ಇವುಗಳನ್ನು ಪಾಸ್ ಇಲ್ಲದೆ ಗಡಿ ದಾಟಿಸಲು ಆಗುವುದಿಲ್ಲ. ಕರೆಂಟು ಅಲ್ಲಿ ಕೆಎಸ್‌ಇಬಿ, ನಮ್ಮ ಮೆಸ್ಕಾಂ ಅಲ್ಲ. ಲಾರಿಯಿಂದ ಸಾಮಾನು ಇಳಿಸಲು ಅಲ್ಲಿ ಯೂನಿಯನ್ನಿನ ಹೊರೆಯಾಳುಗಳಿದ್ದಾರೆ. ಕೆಲಸ ಮಾಡದೆ ನಿಂತು ನೋಡಿದ್ದಕ್ಕೆ ಕೇಳುವ ‘ನೋಕ್ಕುಕೂಲಿ’ಯನ್ನು ಕೇರಳ ಸರ್ಕಾರ 2018ರಲ್ಲೇ ನಿಲ್ಲಿಸಿದೆ, ಆದರೆ ನಿಜವಾಗಿ ಇಳಿಸಿದವರಿಗೆ ಕೂಲಿ ಕೊಡಲೇಬೇಕು. ಆ ಕೂಲಿ ನಮ್ಮ ಲೆಕ್ಕಕ್ಕೋ ಕಂಟ್ರಾಕ್ಟರನ ಲೆಕ್ಕಕ್ಕೋ ಎಂದು ಮೊದಲೇ ಹೇಳಿಕೊಳ್ಳಿ. ಇದನ್ನೆಲ್ಲ ತಿಳಿದ ಊರಿನವರಿಗೆ ಕೊಡುವುದೇ ಹೆಚ್ಚಾಗಿ ಸಲೀಸು.

ಬರೆಯುವುದು ಅವಮಾನ ಅಲ್ಲ

ಕುರ್‌ಆನಿನ ಅತಿ ಉದ್ದದ ಆಯತ್ ಯಾವುದೆಂದು ಕೇಳಿದರೆ ಮದ್ರಸದ ಮಕ್ಕಳು ಸೂರಃ ಅಲ್ ಬಕರದ 282ನೆಯದು ಎನ್ನುತ್ತಾರೆ. ಅದು ನಮಾಝಿನ ಬಗ್ಗೆ ಅಲ್ಲ, ಉಪವಾಸದ ಬಗ್ಗೆಯೂ ಅಲ್ಲ. ಅವಧಿ ಇಟ್ಟು ಮಾಡುವ ಸಾಲದ ವ್ಯವಹಾರವನ್ನು, ಸಣ್ಣದಿರಲಿ ದೊಡ್ಡದಿರಲಿ, ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ. ಅದರ ಮುಂದಿನ ಆಯತ್ ಪ್ರಯಾಣದಲ್ಲಿದ್ದು ಬರೆಯುವವರು ಸಿಗದಿದ್ದರೆ ಏನು ಮಾಡಬೇಕೆಂದೂ ಹೇಳುತ್ತದೆ. ಬರೆಯುವುದು ಕಡ್ಡಾಯವಲ್ಲ, ಉತ್ತಮ ಎಂದೇ ಹೆಚ್ಚಿನ ಉಲಮಾಗಳ ಅಭಿಪ್ರಾಯ. ಹಾಗಿದ್ದರೂ ಇಷ್ಟು ವಿವರವಾಗಿ ಹೇಳಿದ್ದು ಎಂತಕ್ಕೆ ಎಂದು ನಾವು ಯೋಚಿಸಬೇಕು. ಅಲ್ಲಿ ಬರೆಯಲು ಹೇಳಿದ್ದು ಕಳ್ಳರಿಗಲ್ಲ, ಈಮಾನ್ ಇರುವವರಿಗೆ. ಮರೆಯುವುದು ಒಳ್ಳೆಯವರಿಗೂ ಉಂಟು.

ಕೂಲಿ ಕೆಲಸದ ಕರಾರಿಗೆ ಫಿಕ್ಹಿನಲ್ಲಿ ಇಜಾರಃ ಎನ್ನುತ್ತೇವೆ. ಕೆಲಸವೂ ಗೊತ್ತಿರಬೇಕು, ಕೂಲಿಯೂ ಗೊತ್ತಿರಬೇಕು. “ನೀವು ಶುರು ಮಾಡಿ, ರೇಟು ಮತ್ತೆ ನೋಡುವ” ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕಾಗದದಲ್ಲಿ ಏನೆಲ್ಲ ಇರಬೇಕು? ಕೆಲಸದ ಪಟ್ಟಿ, ಕೋಣೆ ಕೋಣೆಯಾಗಿ. ರೇಟು ಸ್ಕ್ವೇರ್ ಫೀಟಿಗೋ, ಒಟ್ಟಿಗೋ, ಲೇಬರ್ ಮಾತ್ರವೋ. ಸಾಮಾನು ಯಾರು ತರುವುದು, ಯಾವ ಕಂಪೆನಿಯ ಸಿಮೆಂಟು, ವಯರು, ಪೈಪು. ಟೈಲ್ಸಿಗೆ ಎಷ್ಟು ರೂಪಾಯಿಯವರೆಗೆ. ಜಿಎಸ್‌ಟಿ ಒಳಗೋ ಹೊರಗೋ. ಶುರುವಿನ ದಿನ, ಮುಗಿಸುವ ದಿನ. ಹೆಚ್ಚುವರಿ ಕೆಲಸ ಬಂದರೆ ವಾಟ್ಸ್‌ಆ್ಯಪಿನಲ್ಲಾದರೂ ರೇಟು ಬರೆದು ಒಪ್ಪಿದ ಮೇಲೆಯೇ ಮಾಡುವುದು.

ಹಳೆ ಮನೆಯಲ್ಲಿ ಎಲ್ಲರೂ ಮರೆಯುವ ಒಂದು ವಿಷಯ ಬಿಚ್ಚಿದ ಸಾಮಾನು. ಹಲಸಿನ, ತೇಗದ ಪಕ್ಕಾಸು, ಕೆತ್ತನೆಯ ಬಾಗಿಲು, ಒಡೆಯದ ಮಂಗಳೂರು ಹಂಚು, ಒಳ್ಳೆಯ ಕೆಂಪುಕಲ್ಲು ಎಲ್ಲಕ್ಕೂ ಬೆಲೆ ಉಂಟು. ಅದು ಯಾರಿಗೆ ಎಂದು ಬರೆಯದಿದ್ದರೆ ಕಂಟ್ರಾಕ್ಟರ್ ತನಗೆ ಎಂದುಕೊಳ್ಳುತ್ತಾನೆ, ಮನೆಯವರು ಕದ್ದ ಎನ್ನುತ್ತಾರೆ. ಬಿಚ್ಚುವ ಮೊದಲು ಎಣಿಸಿ, ಫೋಟೊ ತೆಗೆದಿಡಿ.

ಹಣ ಕೆಲಸದ ಹಿಂದೆ ಹೋಗಲಿ

ಒಟ್ಟು 10 ಲಕ್ಷದ ಕೆಲಸ ಎಂದಿಟ್ಟುಕೊಳ್ಳಿ. ಅಡ್ವಾನ್ಸ್ 1 ಲಕ್ಷ. ಹಳೆ ಮಾಡು ಬಿಚ್ಚಿ ಗೋಡೆ ಸರಿಯಾದಾಗ 2 ಲಕ್ಷ. ಹೊಸ ಮಾಡು ಪೂರ್ತಿಯಾದಾಗ 3 ಲಕ್ಷ. ವಯರಿಂಗ್, ಪ್ಲಂಬಿಂಗ್, ಪ್ಲಾಸ್ಟರಿಂಗ್ ಮುಗಿದಾಗ 2 ಲಕ್ಷ. ನೆಲ, ಬಣ್ಣ ಆದಾಗ ಒಂದೂವರೆ ಲಕ್ಷ. ಕೊನೆಯ 50 ಸಾವಿರ ಒಳ್ಳೆ ಮಳೆ ಎರಡು ವಾರ ಸುರಿದು ಎಲ್ಲೂ ಸೋರಲಿಲ್ಲ ಎಂದಾದ ಮೇಲೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಮಾಡಿನ ಕೆಲಸ ಹೇಗಾಗಿದೆ ಎಂದು ಜೂನ್ ತಿಂಗಳೇ ಹೇಳುತ್ತದೆ. ಹಣ ಬ್ಯಾಂಕಿನ ಮೂಲಕವೇ ಹೋಗಲಿ, ಪ್ರತಿ ಕಂತಿಗೂ ರಶೀದಿ ಇರಲಿ.

ಇದರಲ್ಲಿ ನಮ್ಮ ಮೇಲೂ ಒಂದು ಹೊಣೆ ಉಂಟು. ಕೊನೆಯ ಕಂತು ಹಿಡಿಯುವುದು ಮೊದಲೇ ಮಾತಾಡಿಕೊಂಡಿದ್ದರೆ ಸರಿ. ಮಾತಾಡದೆ ಸಣ್ಣ ಕುಂದು ತೋರಿಸಿ ಹಣ ತಡೆದರೆ ಅದು ಅನ್ಯಾಯ. ಆಳಿನಿಂದ ಪೂರ್ತಿ ಕೆಲಸ ತೆಗೆದು ಕೂಲಿ ಕೊಡದವನ ವಿರುದ್ಧ ಖಿಯಾಮತ್ ದಿನ ಸ್ವತಃ ಅಲ್ಲಾಹು ವಾದಿಯಾಗಿ ನಿಲ್ಲುತ್ತಾನೆಂದು ಸಹೀಹ್ ಬುಖಾರಿಯ ಹದೀಸಿನಲ್ಲಿ ಬಂದಿದೆ. ಬಂಗಾಳ, ಅಸ್ಸಾಮಿನಿಂದ ಬಂದ ಆಳುಗಳು ನಮ್ಮ ಗೋಡೆಗೆ ಸಾರಣೆ ಮಾಡುತ್ತಾರೆ. ಅವರ ಸಂಬಳ ಕಂಟ್ರಾಕ್ಟರನ ಕೈಯಲ್ಲಿ. ಕಂತು ಕೊಡುವಾಗ “ಆಳುಗಳಿಗೆ ಬಾಕಿ ಉಂಟಾ?” ಎಂದು ಒಂದು ಮಾತು ಕೇಳುವುದು ಕಷ್ಟದ ಕೆಲಸ ಅಲ್ಲ.

ಸಮಯದ ಲೆಕ್ಕವನ್ನೂ ಹಾಕಬೇಕು. ಮಾಡು ಬಿಚ್ಚುವ ಕೆಲಸ ಡಿಸೆಂಬರಿನಲ್ಲಿ ಶುರುವಾದರೆ ಏಪ್ರಿಲ್ ಒಳಗೆ ಹೊದಿಕೆ ಮುಗಿಯಬಹುದು. ಈಚಿನ ವರ್ಷಗಳಲ್ಲಿ ರಮಝಾನ್ ಫೆಬ್ರವರಿ-ಮಾರ್ಚಿನಲ್ಲಿ ಬರುತ್ತಿದೆ. ಆಗ ಉಪವಾಸ ಹಿಡಿದ ಆಳುಗಳ ಕೆಲಸ ನಿಧಾನ, ಪೆರ್ನಾಲ್‌ಗೆ ಊರಿಗೆ ಹೋದವರು ತಿರುಗಿ ಬರಲು ಎರಡು ವಾರ. ಅದನ್ನೂ ಸೇರಿಸಿಯೇ ಮುಗಿಸುವ ದಿನ ಬರೆಯಿರಿ.

ನೋಡಿಕೊಳ್ಳುವವನ ಕಷ್ಟ

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ತಲಪಾಡಿ ಗಡಿ ಮುಚ್ಚಿದಾಗ, ಕಣ್ಣಳತೆಯ ಮನೆ ಎಂದುಕೊಂಡದ್ದು ಎಷ್ಟು ದೂರ ಎಂದು ನಮಗೆಲ್ಲ ಗೊತ್ತಾಯಿತು. ಗಲ್ಫಿನಲ್ಲಿರುವವರಿಗೆ ಅದು ಯಾವಾಗಲೂ ದೂರವೇ. ಸ್ಥಳದಲ್ಲಿ ಒಬ್ಬ ಬೇಕು. ಹೆಚ್ಚಾಗಿ ಅದು ತಂಗಿಯ ಗಂಡ ಅಥವಾ ಚಿಕ್ಕಪ್ಪನ ಮಗ.

ಅವನು ಅಂಗಡಿ ಬಾಗಿಲು ಎಳೆದು ದಿನಾ ಬೈಕಿನಲ್ಲಿ ಓಡುತ್ತಾನೆ. ಪೆಟ್ರೋಲು ಅವನದ್ದೇ, ಆಳುಗಳ ಚಾ ಅವನದ್ದೇ. ಯಾರೂ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ. ಕೊನೆಗೆ ಲೆಕ್ಕದಲ್ಲಿ ಹದಿನೈದು ಸಾವಿರ ಹೊಂದದಿದ್ದರೆ ಬೆರಳು ಅವನ ಕಡೆ. ಹೆಚ್ಚು ಮನಸ್ತಾಪ ಆಗುವುದು ಇಲ್ಲಿಯೇ. ಮೇಲ್ವಿಚಾರಣೆಗೆ ಒಪ್ಪಿದವನು ನಮ್ಮ ವಕೀಲ್, ಅವನ ಕೈಯಲ್ಲಿರುವುದು ಅಮಾನತ್. ತಿಂಗಳಿಗೆ ಇಂತಿಷ್ಟು ಎಂದು ಮೊದಲೇ ಗೊತ್ತುಮಾಡಿ ಮರ್ಯಾದೆಯಿಂದ ಕೊಟ್ಟುಬಿಡಿ. “ಸಂಬಂಧದಲ್ಲಿ ಹಣ ಎಂತಕ್ಕೆ” ಎಂದು ಅವನು ಬೇಡವೆಂದರೂ ಖರ್ಚನ್ನಾದರೂ ಕೊಡಿ. ಅವನ ಕಡೆಯಿಂದಲೂ ಒಂದು ಶಿಸ್ತು ಬೇಕು. ಕಂಟ್ರಾಕ್ಟರ್ ಅಥವಾ ಅಂಗಡಿಯವರಿಂದ ಗುಟ್ಟಾಗಿ ಕಮಿಷನ್ ತೆಗೆದರೆ ಅದು ಖಿಯಾನತ್.

ಫೋಟೊ, ವೀಡಿಯೊ ಕಾಲ್ ಉಪಯೋಗಕ್ಕೆ ಬರುತ್ತವೆ, ಆದರೆ ಬಣ್ಣ ಬಳಿದ ಗೋಡೆಯ ಫೋಟೊ ಒಳಗಿನದನ್ನು ತೋರಿಸುವುದಿಲ್ಲ. ಮುಚ್ಚುವ ಮೊದಲಿನ ಫೋಟೊ ಕೇಳಿ: ಕಾಂಕ್ರೀಟ್ ಸುರಿಯುವ ಮೊದಲು ಕಟ್ಟಿದ ಕಬ್ಬಿಣ, ಪ್ಲಾಸ್ಟರಿಂಗ್‌ಗೆ ಮೊದಲು ಪೈಪು ವಯರಿನ ಹಾದಿ, ಪಕ್ಕದಲ್ಲಿ ಅಳತೆಯ ಟೇಪು. ಸ್ಲ್ಯಾಬಿಗೆ ಏಳು ದಿನಕ್ಕೆ ಕಡಿಮೆ ಇಲ್ಲದೆ, ಸಾಧ್ಯವಾದರೆ ಹತ್ತು ದಿನ ನೀರು ನಿಲ್ಲಿಸಬೇಕು. ಅದರ ಫೋಟೊವೂ ದಿನಾ ಬರಲಿ. ಕೆಲಸದ ನಾಲ್ಕು ಹಂತದಲ್ಲಿ ಕಂಟ್ರಾಕ್ಟರನಿಗೆ ಸಂಬಂಧವಿಲ್ಲದ ಎಂಜಿನಿಯರ್ ಒಬ್ಬರು ಬಂದು ನೋಡಲಿ.

ಗಲ್ಫಿನಿಂದ ಪವರ್ ಆಫ್ ಅಟಾರ್ನಿ ಕಳಿಸುವವರು ಹುಷಾರಾಗಿರಬೇಕು. ಅಲ್ಲಿಯ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿದ ಪತ್ರಕ್ಕೆ ಊರಿಗೆ ಬಂದ ಮೂರು ತಿಂಗಳೊಳಗೆ ಇಲ್ಲಿಯ ಸ್ಟಾಂಪ್ ಶುಲ್ಕ ಕಟ್ಟಬೇಕು. ಅದರಲ್ಲಿ ರಿಪೇರಿ, ಪರ್ಮಿಟ್, ಕರೆಂಟು, ನೀರು ಇಷ್ಟೇ ಇರಲಿ. ಯಾರೋ ಕೊಟ್ಟ ಹಳೆ ನಮೂನೆಗೆ ಸಹಿ ಹಾಕಿದರೆ ಅದರಲ್ಲಿ ಮಾರುವ ಅಧಿಕಾರವೂ ಇರಬಹುದು. ಓದದೆ ಸಹಿ ಬೇಡ.

ಹೆಚ್ಚು ಕಡಿಮೆ ಆದರೆ

ಮೊದಲು ಮಾತುಕತೆ, ಆಮೇಲೆ ಎರಡೂ ಕಡೆಯ ಜಮಾಅತಿನ ಹಿರಿಯರು. ಅಲ್ಲಿಯೂ ಆಗದಿದ್ದರೆ ಕಾನೂನು ಉಂಟು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟುವ ಕೆಲಸವೂ ಸೇವೆ ಎಂದೇ ಸೇರಿದೆ. ದೂರು ಕೊಡುವವರು ತಾವು ವಾಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು. ಮನೆ ಉಪ್ಪಳದಲ್ಲಿದ್ದು ನಾವು ಮಂಗಳೂರಿನಲ್ಲಿದ್ದರೆ ಮಂಗಳೂರಿನ ಗ್ರಾಹಕ ಆಯೋಗಕ್ಕೇ ಹೋಗಬಹುದು, ಕಾಸರಗೋಡಿಗೆ ಅಲೆಯಬೇಕಾಗಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಆದರೆ ಆಯೋಗದವರು ಮೊದಲು ಕೇಳುವುದು ಕರಾರು ಪತ್ರ ಮತ್ತು ರಶೀದಿ. ಜಮಾಅತಿನಲ್ಲಿ ನಾವು ಕೇಳುವುದೂ ಅದನ್ನೇ.

ಸೂರಃ ಅಲ್ ಕಹ್ಫ್‌ನಲ್ಲಿ ಖಿಳ್ರ್ (ಅ) ಅವರು ಬೀಳಲಿದ್ದ ಒಂದು ಗೋಡೆಯನ್ನು ಕೂಲಿ ಪಡೆಯದೆ ನೆಟ್ಟಗೆ ಮಾಡಿದ್ದನ್ನು ಶುಕ್ರವಾರ ಓದುವಾಗ ನಾವು ನೆನೆಯುತ್ತೇವೆ. ಆ ಗೋಡೆ ಇಬ್ಬರು ಅನಾಥ ಮಕ್ಕಳದ್ದು. ಅದರ ಅಡಿಯಲ್ಲಿದ್ದ ಅವರ ಹಕ್ಕು ಅವರು ದೊಡ್ಡವರಾಗುವವರೆಗೆ ಉಳಿಯಬೇಕಿತ್ತು. ತಂದೆ ತಾಯಿ ಬಿಟ್ಟುಹೋದ ಮನೆಯನ್ನು ನಿಲ್ಲಿಸುವುದು ಒಳ್ಳೆಯ ಕೆಲಸವೇ. ಅದು ತಂಗಿಯ ಪಾಲು, ಆಳಿನ ಕೂಲಿ, ನೋಡಿಕೊಂಡವನ ಮಾನ ಇವು ಮೂರೂ ಉಳಿಯುವ ಹಾಗೆ ಆಗಬೇಕು. ಈ ಸಲ ಮಳೆಗಾಲಕ್ಕೆ ಮೊದಲು ರಿಪೇರಿ ಮಾಡಿಸುವ ಯೋಚನೆ ಇರುವವರು, ಕಂಟ್ರಾಕ್ಟರಿಗೆ ಫೋನ್ ಮಾಡುವ ಮೊದಲು ಒಡಹುಟ್ಟಿದವರಿಗೆ ಫೋನ್ ಮಾಡಿ. ಅಲ್ಲಾಹು ನಮ್ಮ ವ್ಯವಹಾರಗಳಲ್ಲಿ ಬರ್ಕತ್ ನೀಡಲಿ, ಆಮೀನ್.